ಬೆಂಗಳೂರಿಗೆ ಹೋಗಿ ನಮ್ಮ ಕಡೆಯ ಕಾಫಿ ಕುಡಿದು ಬಂದೆ: ಐದು ದಿನದ ಓಡಾಟ, ಕೆಲವು ಪ್ರಶ್ನೆಗಳು

ಹೂಮಳೆ · ನವೆಂಬರ್ 4

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವಳು. ನಮ್ಮದು ಏಳು ಎಕರೆ ತೋಟ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಕಾಫಿ ಗಿಡಗಳ ನಡುವೆಯೇ ಬೆಳೆದವಳು ನಾನು. ಆದರೆ ನಮ್ಮ ಮನೆಯಲ್ಲಿ ಕುಡಿಯುವುದು ಪೇಟೆಯಿಂದ ತಂದ ಪುಡಿ, ಚಿಕೋರಿ ಸೇರಿದ್ದು. ನಾವು ಬೆಳೆದದ್ದು ಚೀಲದಲ್ಲಿ ತುಂಬಿ ವ್ಯಾಪಾರಿಯ ಲಾರಿ ಹತ್ತುತ್ತದೆ. ಅದರ ರುಚಿ ಹೇಗಿರುತ್ತದೆ ಅಂತ ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಹೋದ ವಾರ ಮಲ್ಲೇಶ್ವರದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ, ಭಾವ ಬೆಳಿಗ್ಗೆ ಆಫೀಸಿಗೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಕೊಯ್ಲು ಶುರುವಾಗುವ ಮುಂಚೆ ಸಿಕ್ಕ ಐದು ದಿನದ ಪುರುಸೊತ್ತು. ಮೆಟ್ರೋ ಕಾರ್ಡು ಮಾಡಿಸಿಕೊಂಡು ಒಬ್ಬಳೇ ಕಾಫಿ ಹುಡುಕಿಕೊಂಡು ಹೊರಟೆ.

ಮೊದಲ ದಿನ ಇಂದಿರಾನಗರ. ಒಂದು ಅಂಗಡಿಯ ಗೋಡೆ ಮೇಲೆ ಬೋರ್ಡು ಇತ್ತು. ಒಂದೊಂದು ಕಾಫಿಯ ಮುಂದೆ ಜಿಲ್ಲೆ, ತೋಟ, ತಳಿ, ಒಣಗಿಸಿದ ರೀತಿ ಎಲ್ಲ ಬರೆದಿದ್ದರು. 'ಚಿಕ್ಕಮಗಳೂರು, ಸೆಲೆಕ್ಷನ್ 795, ನ್ಯಾಚುರಲ್.' 795 ನಮ್ಮ ತೋಟದಲ್ಲೂ ಇದೆ. ಅಪ್ಪ 'ಹಳೇ ಗಿಡ' ಅನ್ನುವುದು ಅದನ್ನೇ. ಆ ನಂಬರನ್ನು ಬೆಂಗಳೂರಿನ ಗೋಡೆ ಮೇಲೆ ನೋಡಿ ಮೈ ಜುಂ ಅಂದಿತು.

ಕಾಫಿ ಮಾಡುವ ಕೌಂಟರು, ಅವರು ಬಾರ್ ಅನ್ನುತ್ತಾರೆ, ಅದರ ಮುಂದೆಯೇ ಕೂತೆ. ಹುಡುಗ 15 ಗ್ರಾಂ ಬೀಜ ತೂಗಿದ. ಬೀಸಿದ ಪುಡಿಯನ್ನು ನನ್ನ ಕಡೆ ಚಾಚಿ 'ಮೂಸಿ ನೋಡಿ ಮೇಡಂ' ಅಂದ. ಕಾಗದದ ಫಿಲ್ಟರನ್ನು ಬಿಸಿನೀರಲ್ಲಿ ತೊಳೆದು ಪುಡಿ ಹಾಕಿ, ಕೊಕ್ಕರೆ ಕತ್ತಿನಂಥ ಮೂತಿಯ ಕೆಟಲಿನಿಂದ ಸ್ವಲ್ಪವೇ ನೀರು ಬಿಟ್ಟ. ಪುಡಿ ಹುದುಗು ಬಂದ ದೋಸೆ ಹಿಟ್ಟಿನಂತೆ ಉಬ್ಬಿತು, ಮೇಲೆಲ್ಲ ಗುಳ್ಳೆ. ಅರ್ಧ ನಿಮಿಷ ಸುಮ್ನೆ ನಿಂತ. ಆಮೇಲೆ ಸುತ್ತಿ ಸುತ್ತಿ ನೀರು ಹೊಯ್ದ. ಒಟ್ಟು 240 ಗ್ರಾಂ ನೀರು, ಮೂರು ನಿಮಿಷ. ಹಾಲಿಲ್ಲ, ಸಕ್ಕರೆ ಇಲ್ಲ.

ಮೊದಲ ಗುಟುಕು ಹುಳಿ ಅನ್ನಿಸಿತು. ದುಡ್ಡು ಕೊಟ್ಟು ಇದನ್ನು ಕುಡಿಯಬೇಕಾ ಅಂತ ಬೇಸರವೂ ಆಯಿತು. ಐದು ನಿಮಿಷ ಹಾಗೇ ಬಿಟ್ಟೆ. ಉಗುರುಬೆಚ್ಚಗಾದ ಮೇಲೆ ಕುಡಿದಾಗ ಗೊತ್ತಾಯಿತು. ನಮ್ಮ ಕಣದ ವಾಸನೆ! ಹಣ್ಣು ಹರವಿದ ಎರಡನೇ ದಿನ ಸಂಜೆ, ಬಿಸಿಲು ಇಳಿದ ಮೇಲೆ, ಹಲಸಿನ ಹಣ್ಣಿನ ಜೊತೆ ಬೆಲ್ಲ ಸೇರಿದಂಥ ಒಂದು ಕಂಪು ಬರುತ್ತದಲ್ಲ, ಅದೇ ಆ ಕಪ್ಪಿನಲ್ಲಿತ್ತು.

'ನ್ಯಾಚುರಲ್ ಅಂದರೆ ಏನಪ್ಪಾ' ಅಂತ ಕೇಳಿದೆ. 'ಹಣ್ಣನ್ನು ಸಿಪ್ಪೆ ಸಮೇತ ಒಣಗಿಸೋದು ಮೇಡಂ' ಅಂದ. ನಾನು ತಬ್ಬಿಬ್ಬಾದೆ. ಅದು ನಮ್ಮ ಕಡೆಯ ಚೆರ್ರಿ! ನಮ್ಮಲ್ಲಿ ಒಳ್ಳೆ ಹಣ್ಣು ಪಲ್ಪರ್ ಯಂತ್ರಕ್ಕೆ ಹೋಗಿ, ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಮೇಲೆ ಪಾರ್ಚ್‌ಮೆಂಟ್ ಆಗುತ್ತದೆ. ಮಿಕ್ಕಿದ್ದು, ಅಂದರೆ ಕಾಯಿ, ಅರೆಹಣ್ಣು, ಗಿಡದಲ್ಲೇ ಒಣಗಿದ್ದು, ನೆಲದಿಂದ ಹೆಕ್ಕಿದ್ದು ಎಲ್ಲ ಸೇರಿ ಚೆರ್ರಿ. ರೇಟು ಯಾವಾಗಲೂ ಕಡಿಮೆ. ಇಲ್ಲಿ ಅದೇ ಕೆಲಸಕ್ಕೆ ಬೇರೆ ಹೆಸರು, ಒಂದು ಕಪ್ಪಿಗೆ 290 ರೂಪಾಯಿ.

ಆವತ್ತಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ. ಬಲ್ಲವರು ಹೇಳಿ. ನಾವು ಒಣಗಿಸುವುದಕ್ಕೂ ಅವರು ಒಣಗಿಸಿದ್ದಕ್ಕೂ ಏನು ವ್ಯತ್ಯಾಸ? ಇಂಥ ಅಂಗಡಿಗೆ ಹೋದಾಗ ಏನು ಕೇಳಬೇಕು, ಹೇಗೆ ಕುಡಿಯಬೇಕು? ಮುಂದಿನ ಸಲ ಹೋದಾಗ ಎಲ್ಲೆಲ್ಲಿ ನೋಡಲಿ? ಉಳಿದ ನಾಲ್ಕು ದಿನದ ಕಥೆ ಆಮೇಲೆ ಬರೆಯುತ್ತೇನೆ.

ಗಾಂಧಿಬಜಾರಿನವ · ನವೆಂಬರ್ 4

ಅಕ್ಕ, ಓದಿ ತುಂಬಾ ಖುಷಿಯಾಯ್ತು. ಒಂದು ಮಾತು ಮಾತ್ರ ಹೇಳಲೇಬೇಕು. ಬೆಂಗಳೂರಿನ ಕಾಫಿ ಅಂದರೆ ಇಂದಿರಾನಗರದಲ್ಲಿ ಶುರುವಾಗಿ ಕೋರಮಂಗಲದಲ್ಲಿ ಮುಗಿಯುತ್ತದೆ ಅಂತ ಅಂದುಕೊಳ್ಳಬೇಡಿ. ಮೆಟ್ರೋದ ಗ್ರೀನ್ ಲೈನ್ ಹಿಡಿದು ನ್ಯಾಷನಲ್ ಕಾಲೇಜ್ ಸ್ಟಾಪಿನಲ್ಲಿ ಇಳಿಯಿರಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಅಲ್ಲಿ ಇಡ್ಲಿ ವಡೆ ಮುಗಿಸಿ, ಫುಟ್‌ಪಾತಿನಲ್ಲಿ ನಿಂತು ಲೋಟದ ಕಾಫಿ ಕುಡಿಯಬೇಕು. ಆ ಗಟ್ಟಿ ಡಿಕಾಕ್ಷನ್, ಆ ಕುದಿಯುವ ಹಾಲು, ಅದು ನಮ್ಮ ಊರು ನೂರು ವರ್ಷ ಪಳಗಿಸಿದ ಕಲೆ. ಅದನ್ನು ಬಿಟ್ಟು ಬೆಂಗಳೂರಿನ ಕಾಫಿ ನೋಡಿದೆ ಅಂದರೆ ಅರ್ಧವೇ ನೋಡಿದ ಹಾಗೆ.

ಇನ್ನೊಂದು ಜಾಗ ನೀವು ನೋಡಲೇಬೇಕು. ಹಳೇ ಬಡಾವಣೆಗಳ ಕಾಫಿಪುಡಿ ಅಂಗಡಿಗಳು. ಬೀಜ ಹುರಿದು ಕಣ್ಣೆದುರೇ ಬೀಸಿ ಕೊಡುತ್ತಾರೆ. ನಮ್ಮ ತಾತ ಹೇಳುತ್ತಿದ್ದ ಆರ್ಡರ್ ನನಗೆ ಬಾಯಿಪಾಠ: 'ಪ್ಲಾಂಟೇಶನ್ ಎ ಅರ್ಧ, ಪೀಬೆರಿ ಅರ್ಧ, ಚಿಕೋರಿ ಬೇಡ.' ಪ್ಲಾಂಟೇಶನ್ ಎ ಅಂದರೆ ನಿಮ್ಮ ಪಾರ್ಚ್‌ಮೆಂಟ್ ಅರೇಬಿಕಾದ ದಪ್ಪ ಬೀಜ. ಪೀಬೆರಿ ಅಂದರೆ ಹಣ್ಣಿನಲ್ಲಿ ಎರಡರ ಬದಲು ಒಂದೇ ಉರುಟು ಬೀಜ. ಹೊಸ ಅಂಗಡಿಯವರು ತೋಟದ ಹೆಸರು ಹೇಳಿದರೆ ಹಳೇ ಅಂಗಡಿಯವರು ಗ್ರೇಡು ಹೇಳುತ್ತಾರೆ. ಬೀಜ ಕೇಳಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿ ಮೊದಲಿಂದಲೂ ಇತ್ತು ಅಕ್ಕ.

ಚಿಕೋರಿಯ ಬಗ್ಗೆ: ಪ್ಯಾಕೆಟ್ ಕೊಳ್ಳುವಾಗ ಲೇಬಲ್ ಓದಿ ನೋಡಿ. ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಅಂತ ಬರೆದಿರಲೇಬೇಕು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರುವ ಹಾಗಿಲ್ಲ. ಅಂದರೆ ಸುಮಾರು ಅರ್ಧ ಚಿಕೋರಿ ಬೇರಿನ ಪುಡಿ ಇದ್ದರೂ ಅದನ್ನು ಮಾರಬಹುದು. ಬೆಳೆಗಾರರ ಮನೆಯವರು ಇದನ್ನು ತಿಳಿದಿರಬೇಕು.

ಬಾರಿನ ಹಿಂದಿನವ · ನವೆಂಬರ್ 5

ನಮಸ್ತೆ ಮೇಡಂ. ನಾನು ಹಾಸನದ ಕಡೆಯವನು, ಇಲ್ಲಿ ಬೆಂಗಳೂರಿನಲ್ಲಿ ಆರು ವರ್ಷದಿಂದ ಬಾರಿಸ್ಟಾ, ಅಂದರೆ ಅಂಗಡಿಯಲ್ಲಿ ಕಾಫಿ ಮಾಡಿಕೊಡುವವನು. ಕಾಫಿ ಬೆಳೆಯುವವರೊಬ್ಬರು ಬಾರಿನ ಮುಂದೆ ಕೂತು ಪ್ರಶ್ನೆ ಕೇಳಿದರು ಅಂತ ಓದಿ ಬರೆಯದೆ ಇರಲಾಗಲಿಲ್ಲ. ನಮಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಮೊದಲು ನಿಮ್ಮ ಚೆರ್ರಿ ಪ್ರಶ್ನೆ. ಹೌದು, ನ್ಯಾಚುರಲ್ ಮತ್ತು ಚೆರ್ರಿ ದಾರಿ ಒಂದೇ. ವ್ಯತ್ಯಾಸ ಇರುವುದು ಯಾವ ಹಣ್ಣು, ಎಷ್ಟು ಜತನ ಅನ್ನುವುದರಲ್ಲಿ. ನೀವು ಕುಡಿದ ಕಾಫಿಗೆ ಕಡುಗೆಂಪು ಹಣ್ಣನ್ನು ಮಾತ್ರ ಆರಿಸಿರುತ್ತಾರೆ. ನೀರಿಗೆ ಹಾಕಿ ತೇಲಿದ್ದನ್ನು ತೆಗೆದಿರುತ್ತಾರೆ. ನೆಲದಿಂದ ಎತ್ತರದ ಬಲೆಯ ಮಂಚದ ಮೇಲೆ, ಹೆಚ್ಚೆಂದರೆ ಎರಡು ಹಣ್ಣಿನ ದಪ್ಪಕ್ಕೆ ಹರವಿರುತ್ತಾರೆ. ಗಾಳಿ ಕೆಳಗಿಂದಲೂ ಆಡಬೇಕು. ಗಂಟೆಗೊಮ್ಮೆ ಕೈಯಾಡಿಸಬೇಕು. ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚಬೇಕು. ಮೂರು ವಾರ ಹೀಗೇ. ರಾಶಿ ಬಿಸಿಯಾಗಿ ಒಂದು ದಿನ ಹೆಚ್ಚು ಹುದುಗಿದರೂ ಕಪ್ಪಿನಲ್ಲಿ ಕೊಳೆತ ಅನಾನಸಿನ ವಾಸನೆ ಬರುತ್ತದೆ. ಅದನ್ನು ಆಮೇಲೆ ಯಾವ ಹುರಿಯುವವನೂ ಸರಿಮಾಡಲಾರ.

ಇಂಥ ಕಾಫಿಗೆ ಹೇಳುವ ಸ್ಪೆಷಾಲ್ಟಿ ಅನ್ನುವ ಪದಕ್ಕೂ ಒಂದು ಲೆಕ್ಕ ಇದೆ. ತರಬೇತಿ ಆದವರು ಕುಡಿದು ನೋಡಿ 100ಕ್ಕೆ ಅಂಕ ಕೊಡುತ್ತಾರೆ. 80 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸ್ಪೆಷಾಲ್ಟಿ. ಅಂಗಡಿ ಚೆಂದ ಇದೆ ಅಂತ ಆ ಹೆಸರು ಬರುವುದಿಲ್ಲ.

ಹೊಸದಾಗಿ ಬರುವವರಿಗೆ ನನ್ನ ಸಲಹೆ: ವಾರದ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬನ್ನಿ. ಭಾನುವಾರ ನಮಗೆ ಮಾತಾಡಲು ಉಸಿರಿರುವುದಿಲ್ಲ. 'ಯಾವುದು ಚೆನ್ನಾಗಿದೆ' ಅನ್ನುವುದಕ್ಕಿಂತ 'ಯಾವುದು ಯಾವಾಗ ಹುರಿದಿದ್ದು' ಅಂತ ಕೇಳಿ. ಹುರಿದ ತಾರೀಖು ಪ್ಯಾಕೆಟ್ ಮೇಲೆ ಇರಬೇಕು. ಹುರಿದು ಒಂದೆರಡು ವಾರ ಆದದ್ದು ಪೋರ್‌ಓವರಿಗೆ, ಅಂದರೆ ನೀವು ನೋಡಿದ ಹಾಗೆ ಮೇಲಿಂದ ನೀರು ಹೊಯ್ದು ಇಳಿಸುವುದಕ್ಕೆ, ಚೆನ್ನ. ಮೊದಲ ಸಲವಾದರೆ ಒಂದೇ ತೋಟದ ವಾಶ್ಡ್ (ನಿಮ್ಮ ಪಾರ್ಚ್‌ಮೆಂಟ್) ಮತ್ತು ನ್ಯಾಚುರಲ್ ಎರಡನ್ನೂ ಇಬ್ಬರು ಹಂಚಿಕೊಂಡು ಕುಡಿಯಿರಿ. ಪಕ್ಕಪಕ್ಕ ಇಟ್ಟರೆ ಯಾರು ವಿವರಿಸುವುದೂ ಬೇಡ, ನಾಲಿಗೆಗೇ ಗೊತ್ತಾಗುತ್ತದೆ. ಕುದಿ ಕುದಿ ಕುಡಿಯಬೇಡಿ. ನೀವು ಮಾಡಿದ್ದೇ ಸರಿ.

ಒಂದು ಮಾತು ನಿಮ್ಮ 795ರ ಬಗ್ಗೆ. ಅದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ. 1925ರಲ್ಲಿ ಶುರುವಾದ ಕೇಂದ್ರ ಅದು. 795 ಇಂಡೋನೇಷ್ಯಾಕ್ಕೂ ಹೋಗಿದೆ, ಅಲ್ಲಿ ಅದನ್ನು ಜೆಂಬರ್ ಅಂತಾರೆ. ನಿಮ್ಮ ಅಪ್ಪನಿಗೆ ಇದನ್ನು ಹೇಳಿ.

ಧಾರವಾಡದ ಚಹಾ · ನವೆಂಬರ್ 5

ನಾನು ಚಹಾದ ಊರಿನವನು. ಹೆಂಡತಿಗೆ ಬೆಂಗಳೂರಿಗೆ ವರ್ಗ ಆದ ಮೇಲೆ ತಿಂಗಳಿಗೆ ಎರಡು ಸಲ ಅಲ್ಲಿಗೆ ಹೋಗಿ ಬರುತ್ತೇನೆ. ಅವಳ ಗೆಳತಿಯರೆಲ್ಲ ಇಂಥ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ನನಗೆ ಎರಡು ಅನುಮಾನ ಇವೆ, ತಪ್ಪು ತಿಳಿಯಬೇಡಿ.

ಒಂದು, ಹುಳಿ. ನಮ್ಮ ಮನೆಯಲ್ಲಿ ಹಾಲು ಹುಳಿಯಾದರೆ ಚೆಲ್ಲುತ್ತೇವೆ. ಕಾಫಿ ಹುಳಿ ಇದ್ದರೆ ಅದು ಒಳ್ಳೆಯದು ಹೇಗೆ? ಎರಡು, 290 ರೂಪಾಯಿ. ನಮ್ಮಲ್ಲಿ ಅಷ್ಟು ದುಡ್ಡಿಗೆ ಇಡೀ ಓಣಿಗೆ ಚಹಾ ಕುಡಿಸಬಹುದು. ಅದರಲ್ಲಿ ಈ ಅಕ್ಕನಂಥ ಬೆಳೆಗಾರರಿಗೆ ಎಷ್ಟು ಹೋಗುತ್ತದೆ? ಇದು ನನಗೆ ನಿಜವಾಗಿಯೂ ತಿಳಿಯಬೇಕು.

ಬಾರಿನ ಹಿಂದಿನವ · ನವೆಂಬರ್ 5

ಸರ್, ಒಳ್ಳೆ ಪ್ರಶ್ನೆ. ಹುಳಿಯಲ್ಲಿ ಎರಡು ಥರ ಇವೆ. ಕಿತ್ತಳೆ ಹಣ್ಣಿನ ಹುಳಿ ಬೇರೆ, ಹಳಸಿದ ಸಾರಿನ ಹುಳಿ ಬೇರೆ. ಕಾಫಿ ಒಂದು ಹಣ್ಣಿನ ಬೀಜ, ಅದಕ್ಕೆ ತನ್ನದೇ ಹುಳಿ ಇದೆ. ಕಪ್ಪಾಗುವ ತನಕ ಹುರಿದರೆ ಆ ಹುಳಿ ಹೋಗಿ ಕಹಿ ಉಳಿಯುತ್ತದೆ. ಹಾಲು ಸಕ್ಕರೆಗೆ ಆ ಕಹಿ ಬೇಕು, ಅದಕ್ಕೇ ಫಿಲ್ಟರ್ ಕಾಫಿಗೆ ಜಾಸ್ತಿ ಹುರಿಯುತ್ತಾರೆ. ಹಾಲಿಲ್ಲದೆ ಕುಡಿಯುವುದಕ್ಕೆ ಮೀಡಿಯಂ ಹುರಿದರೆ ಸಾಕು. ನುಂಗಿದ ಮೇಲೆ ಬಾಯಲ್ಲಿ ಸಿಹಿ ಉಳಿದರೆ ಒಳ್ಳೆ ಹುಳಿ. ಕೆನ್ನೆ ಒಳಗೆ ಎಳೆದುಕೊಂಡು ಬಾಯಿ ಒಣಗಿದರೆ ಎಲ್ಲೋ ತಪ್ಪಾಗಿದೆ: ಎಳೆ ಕಾಯಿ ಸೇರಿರಬೇಕು, ಇಲ್ಲ ಹುರಿಯುವುದು ಕಡಿಮೆಯಾಗಿರಬೇಕು, ಇಲ್ಲ ನಾವೇ ಸರಿಯಾಗಿ ಇಳಿಸಿರುವುದಿಲ್ಲ.

ದುಡ್ಡಿನ ವಿಷಯ. ಆ 290ರಲ್ಲಿ ಬಾಡಿಗೆ, ಸಂಬಳ, ಯಂತ್ರ ಎಲ್ಲ ಸೇರಿದೆ. ಬೀಜದ ಪಾಲು ಅದರಲ್ಲಿ ಚಿಕ್ಕದೇ. ಆದರೆ ಇಂಥ ಬೀಜಕ್ಕೆ ಬೆಳೆಗಾರರಿಗೆ ಸಿಗುವ ಬೆಲೆ ಪೇಟೆಯ ಚೀಲದ ರೇಟಿಗಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನುವುದು ಆಯಾ ತೋಟ, ಆಯಾ ಹುರಿಯುವವರ ನಡುವಿನ ಮಾತು.

ಹೂಮಳೆ · ನವೆಂಬರ್ 6

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಣ್ಣ, ನಿಮ್ಮ ಎರಡನೇ ಪ್ರಶ್ನೆ ನನ್ನದೂ ಹೌದು.

ಉಳಿದ ದಿನಗಳ ಕಥೆ. ಎರಡನೇ ದಿನ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ಬಿಳಿ ಬಟ್ಟೆ, ಪೇಟ ಕಟ್ಟಿದ ಹಿರಿಯರೊಬ್ಬರು ಕಾಫಿ ತಂದಿಟ್ಟರು. ಮೊದಲು ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಇಲ್ಲಿಗೆ ಬಂತು ಅಂತ ಪಕ್ಕದ ಮೇಜಿನ ಅಜ್ಜ ಹೇಳಿದರು. ಅವರೇ ಇನ್ನೊಂದು ವಿಷಯ ಹೇಳಿದರು. ಸರ್ಕಾರದ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸೇರಿ ಸಹಕಾರ ಸಂಘ ಕಟ್ಟಿದರಂತೆ. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. ಕಾಫಿ ಸಾಧಾರಣ ಇತ್ತು. ಆದರೆ ಅಲ್ಲಿ ಒಂದೂವರೆ ಗಂಟೆ ಕೂತಿದ್ದೆ, ಯಾರೂ ಏಳಿ ಅನ್ನಲಿಲ್ಲ.

ಅದೇ ದಿನ ಮಧ್ಯಾಹ್ನ ಇನ್ನೊಂದು ಕಡೆ ಹೋಗಿ ಮನಸ್ಸಿಗೆ ನೋವಾಯಿತು. ಹೆಸರು ಬೇಡ. ಬೋರ್ಡಿನಲ್ಲಿ ಬರೀ 'ಕೂರ್ಗ್' ಅಂತಿತ್ತು. ಯಾವ ತೋಟ, ಅರೇಬಿಕಾನಾ ರೋಬಸ್ಟಾನಾ ಅಂತ ಕೇಳಿದೆ. ಕೌಂಟರಿನ ಹುಡುಗಿ 'ಅದೆಲ್ಲ ಗೊತ್ತಿಲ್ಲ, ನಿಮಗೆ ಕ್ಯಾಪುಚಿನೋ ಚೆನ್ನಾಗಿರುತ್ತೆ' ಅಂದಳು. ನಾನು ಉಟ್ಟಿದ್ದ ಕಾಟನ್ ಸೀರೆ ನೋಡಿ ಹಾಗಂದಳೋ, ನಿಜವಾಗಲೂ ಗೊತ್ತಿರಲಿಲ್ಲವೋ. ತಂದಿಟ್ಟ ಕಾಫಿ ಸುಟ್ಟ ವಾಸನೆ. ಅರ್ಧ ಬಿಟ್ಟು ಎದ್ದು ಬಂದೆ.

ಮೂರನೇ ದಿನ ಇಂದಿರಾನಗರದ ಅರಕು ಕಾಫಿಗೆ ಹೋದೆ. ಅದು ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರ ಸಹಕಾರ ಸಂಘದ ಕಾಫಿ. 2017ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದವರು. ನಮಗಿಂತಲೂ ಚಿಕ್ಕ ಚಿಕ್ಕ ಹಿಡುವಳಿಯವರು ಒಟ್ಟಾಗಿ ಇಷ್ಟು ಮಾಡಿದ್ದಾರೆ. ಅಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅಪ್ಪ 'ಹೂಂ' ಅಂದರು. ಆಮೇಲೆ 'ಮಳೆ ಬರೋ ಹಾಗಿದೆ, ಬೇಗ ಬಾ' ಅಂದರು.

ನಾಲ್ಕನೇ ದಿನ ಜಯನಗರ, ಶಂಕರಪುರ. ಐದನೇ ದಿನ ಅಕ್ಕನ ಜೊತೆ ಮಲ್ಲೇಶ್ವರದಲ್ಲೇ. ಗಾಂಧಿಬಜಾರಿನವರೇ, ನೀವು ಹೇಳುವ ಮುಂಚೆಯೇ ಫುಟ್‌ಪಾತಿನ ಕಾಫಿ ಕುಡಿದಿದ್ದೇನೆ. ಎರಡು ಲೋಟ ಕುಡಿದೆ! ನನಗೆ ಎರಡೂ ಬೇಕು. ಬೆಳಿಗ್ಗೆ ಏಳಕ್ಕೆ ಲೋಟದ ಕಾಫಿ, ಹನ್ನೊಂದಕ್ಕೆ ಹಾಲಿಲ್ಲದ ಕಾಫಿ.

ಮಡಿಕೇರಿ ಮಂಜು · ನವೆಂಬರ್ 7

ನಾನು ಕೊಡಗಿನ ಬೆಳೆಗಾರ, ವಯಸ್ಸು ಎಪ್ಪತ್ತಾಯಿತು. ಈ ಮಗು ಬರೆದದ್ದನ್ನು ನನ್ನ ಮೊಮ್ಮಗ ಓದಿ ಹೇಳಿದ. ನಮ್ಮ ಕಾಫಿಯ ರುಚಿ ನಮಗೇ ಏಕೆ ಗೊತ್ತಿಲ್ಲ ಅನ್ನುವುದಕ್ಕೆ ಒಂದು ಕಾರಣ ಇದೆ, ಹೊಸಬರು ತಿಳಿದಿರಲಿ.

1942ರ ಕಾಫಿ ಕಾಯ್ದೆ ಬಂದ ಮೇಲೆ ನಾವು ಬೆಳೆದ ಕಾಫಿಯನ್ನು ಬೋರ್ಡಿಗೇ ಕೊಡಬೇಕಿತ್ತು. ಅದಕ್ಕೆ ಪೂಲ್ ಅಂತ ಹೆಸರು. ನನ್ನದು, ಪಕ್ಕದವನದು, ಸಕಲೇಶಪುರದವನದು ಎಲ್ಲ ಒಂದೇ ರಾಶಿ. ಬೋರ್ಡು ಹರಾಜು ಹಾಕುವುದು, ನಮಗೆ ಕಂತಿನಲ್ಲಿ ದುಡ್ಡು ಬರುವುದು. ಕಷ್ಟದ ಕಾಲದಲ್ಲಿ ಅದು ನಮ್ಮನ್ನು ಕಾಪಾಡಿತು, ಅದನ್ನು ಮರೆಯಬಾರದು. ಆದರೆ ರಾಶಿಗೆ ಸೇರುವ ಕಾಫಿಯನ್ನು ಯಾರು ಕುಡಿದು ನೋಡುತ್ತಾರೆ? 1990ರ ದಶಕದ ಮಧ್ಯದಲ್ಲಿ ಅದು ಪೂರ್ತಿ ಬಿಟ್ಟುಹೋಯಿತು. ಆಮೇಲೆ ತಾನೇ ಯಾರ ತೋಟದ ಕಾಫಿ ಅನ್ನುವ ಮಾತು ಶುರುವಾದದ್ದು. ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಂದದ್ದೂ 1996ರಲ್ಲೇ.

ಈಗ ಮಗುವಿಗೆ ಒಂದು ಎಚ್ಚರಿಕೆ. ಸುಮಾರು ಆರು ಕಿಲೋ ಅರೇಬಿಕಾ ಹಣ್ಣಿಗೆ ಒಂದು ಕಿಲೋ ಬೀಜ. ನೀನು ಕುಡಿದ ಒಂದು ಕಪ್ಪಿಗೆ ಒಂದು ಬೊಗಸೆ ಹಣ್ಣು ಬೇಕು. ಕೊಯ್ಯುವವರಿಗೆ ನಾವು ಕಿಲೋ ಲೆಕ್ಕದಲ್ಲಿ ಕೊಡುತ್ತೇವೆ. ಕೆಂಪಾದದ್ದು ಮಾತ್ರ ಬಿಡಿಸು ಅಂದರೆ ಅವರ ಬುಟ್ಟಿ ತುಂಬುವುದಿಲ್ಲ, ಅವರ ಕೂಲಿಗೆ ಕಡಿತ. ಅದಕ್ಕೆ ಬೇರೆ ಲೆಕ್ಕ ಮಾಡಬೇಕು, ದಿನಗೂಲಿ ಕೊಡಬೇಕು. ಈಗಿನ ವರ್ಷಗಳಲ್ಲಿ ಡಿಸೆಂಬರಿನಲ್ಲೂ ಮಳೆ ಬರುತ್ತದೆ. ಮಂಚದ ಮೇಲಿನ ಹಣ್ಣು ಎರಡು ದಿನ ಒದ್ದೆಯಾದರೆ ಬೂಸ್ಟು ಹಿಡಿಯಿತು ಅಂತಲೇ ಲೆಕ್ಕ. ಇಡೀ ಬೆಳೆಯನ್ನು ಈ ದಾರಿಗೆ ಹಾಕಬೇಡ. ಒಂದು ಮಂಚ ಮಾಡಿ ನೋಡು.

ರೋಬಸ್ಟಾವನ್ನು ಕಡೆಗಣಿಸಬೇಡ. ಕಾಂಡಕೊರಕ ಹುಳದ ಕಾಟಕ್ಕೆ ಎಷ್ಟೋ ಜನ ಅರೇಬಿಕಾ ತೆಗೆದು ರೋಬಸ್ಟಾ ಹಾಕಿದ್ದಾರೆ. ನಮ್ಮ ದೇಶದ ಬೆಳೆಯಲ್ಲಿ ಅದರ ಪಾಲೇ ಹೆಚ್ಚು. ಚೆನ್ನಾಗಿ ತೊಳೆದು ಹದ ಮಾಡಿದ ರೋಬಸ್ಟಾಕ್ಕೂ ಒಳ್ಳೆ ಕೊಳ್ಳುವವರು ಇದ್ದಾರೆ.

ಮಿಲಾನಿನಿಂದ · ನವೆಂಬರ್ 8

ರೋಬಸ್ಟಾ ಮಾತು ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ಇಟಲಿಗೆ ಬಂದು ಹತ್ತು ವರ್ಷವಾಯಿತು, ಊರು ಸಾಗರ. ಇಲ್ಲಿಯವರು ಬಾರಿನಲ್ಲಿ ನಿಂತು, ಎರಡೇ ಗುಟುಕಿಗೆ ಎಸ್ಪ್ರೆಸೊ ಮುಗಿಸಿ ಹೊರಡುತ್ತಾರೆ. ನೋಡಿದರೆ ನಮ್ಮ ದರ್ಶಿನಿಯೇ ನೆನಪಾಗುತ್ತದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸೊ ಮೇಲಿನ ದಪ್ಪ ನೊರೆಗೆ ನಮ್ಮ ರೋಬಸ್ಟಾ ಬೇಕು. ಆದರೆ ನಾನು ದಿನಾ ಹೋಗುವ ಬಾರಿನಲ್ಲಿ ಎಲ್ಲೂ ಆ ಹೆಸರು ಕಾಣುವುದಿಲ್ಲ. ಚೀಲದಲ್ಲಿ ಹೋಗಿ ಮಿಶ್ರಣದಲ್ಲಿ ಕರಗುತ್ತದೆ. ಹೋದ ವರ್ಷ ರಜೆಗೆ ಬಂದಾಗ ಬೆಂಗಳೂರಿನಲ್ಲಿ ಅರ್ಧ ಕಿಲೋ ಬೀಜ ತೆಗೆದುಕೊಂಡೆ. ಪ್ಯಾಕೆಟ್ ಮೇಲೆ ಊರಿನ ಹೆಸರು, ಎಷ್ಟು ಎತ್ತರದಲ್ಲಿ ಬೆಳೆದದ್ದು ಅನ್ನುವುದೂ ಇತ್ತು. ಬಾರಿನ ಮುದುಕಪ್ಪನಿಗೆ ಓದಿ ಹೇಳಿದೆ. ಅವನು ಪ್ಯಾಕೆಟ್ ಇಸಿದುಕೊಂಡು ಗೋಡೆಯ ಶೆಲ್ಫಿನಲ್ಲಿ ಇಟ್ಟ. ಖಾಲಿ ಪ್ಯಾಕೆಟ್ ಇನ್ನೂ ಅಲ್ಲೇ ಇದೆ.

ಗಾಂಧಿಬಜಾರಿನವ · ನವೆಂಬರ್ 8

ಓದಿ ಕಣ್ಣು ತುಂಬಿತು. ಹೆಸರಿನ ಮಾತಿಗೆ ಸೇರಿಸುತ್ತೇನೆ: 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೋಬಸ್ಟಾ, ಅರಕು ಅರೇಬಿಕಾ ಈ ಐದಕ್ಕೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಬಾಬಾಬುಡನ್ ಯೆಮನ್ನಿನ ಮೋಖಾದಿಂದ ಏಳು ಬೀಜ ತಂದರು ಅನ್ನುವ ಕಥೆ ನಮಗೆಲ್ಲ ಗೊತ್ತು. ಆ ಗಿರಿಯ ಕಾಫಿಯನ್ನು ಅದೇ ಹೆಸರಿನಲ್ಲಿ ಕೇಳಿ ಕುಡಿಯುವ ರೂಢಿ ನಮ್ಮಲ್ಲಿ ಬರಬೇಕು, ಅಲ್ವಾ?

ಅಂದಹಾಗೆ ನಿನ್ನೆ ಸಂಜೆ ನಾನೂ ಹೋಗಿ ಹಾಲಿಲ್ಲದ ಕಾಫಿ ಕುಡಿದೆ, ಜೀವನದಲ್ಲಿ ಮೊದಲ ಸಲ. ವಾಶ್ಡ್ ಕೇಳಿದ್ದೆ. ತೆಳ್ಳಗೆ, ಮೂಸಂಬಿ ಸಿಪ್ಪೆಯ ಹಾಗಿತ್ತು. ನನಗೆ ಇನ್ನೂ ಲೋಟವೇ ಇಷ್ಟ. ಆದರೂ ಇನ್ನೊಂದು ಸಲ ಹೋಗುತ್ತೇನೆ.

ಬಾರಿನ ಹಿಂದಿನವ · ನವೆಂಬರ್ 9

ಹೂಮಳೆ ಮೇಡಂ, ಹಿರಿಯರು ಹೇಳಿದ ಹಾಗೆ ಒಂದೇ ಮಂಚ ಮಾಡಿ. ಒಣಗಿದ ಮೇಲೆ ಒಂದು ಕಿಲೋ ಬೀಜ ನನಗೆ ಕೊಡಿ. ಸ್ಯಾಂಪಲ್ ಹುರಿದು, ನಮ್ಮಲ್ಲಿ ಕುಡಿದು ನೋಡುವವರ ಜೊತೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಾಫಿ ಬೋರ್ಡಿನಲ್ಲೂ ಬೆಳೆಗಾರರ ಸ್ಯಾಂಪಲ್ ಪರೀಕ್ಷೆ ಮಾಡುತ್ತಾರೆ, ಅದನ್ನೂ ಕೇಳಿ. ಹುರಿಯುವುದು, ಇಳಿಸುವುದು ಕಲಿಯಲು ಅವರದೇ ಕಾಪಿ ಶಾಸ್ತ್ರ ಅನ್ನುವ ತರಬೇತಿಯೂ ಇದೆ. ಪುರುಸೊತ್ತಾದಾಗ ನೋಡಿ.

ಹೂಮಳೆ · ಡಿಸೆಂಬರ್ 21

ಬರೆಯಲು ತಡವಾಯಿತು, ಕೊಯ್ಲಿನ ಗಡಿಬಿಡಿ.

ಮಂಚ ಮಾಡಿದೆವು. ಹಳೇ ಅಡಿಕೆ ದಬ್ಬೆ, ಅದರ ಮೇಲೆ ನೈಲಾನ್ ಬಲೆ. ಸೊಂಟದ ಎತ್ತರ. ಡಿಸೆಂಬರ್ 1ಕ್ಕೆ 795ರ ಗಿಡಗಳಿಂದ ಕಡುಗೆಂಪು ಹಣ್ಣು ಮಾತ್ರ ಬಿಡಿಸಿದೆವು. ನಾನು, ಅಮ್ಮ, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಇಬ್ಬರು ಅಕ್ಕಂದಿರು. ಅವರಿಗೆ ದಿನಗೂಲಿ ಕೊಟ್ಟೆವು. ಇಡೀ ದಿನಕ್ಕೆ 46 ಕಿಲೋ. ಮಾಮೂಲಿ ಕೊಯ್ಲಿನಲ್ಲಿ ಅವರಲ್ಲಿ ಒಬ್ಬರೇ ಇದಕ್ಕಿಂತ ಜಾಸ್ತಿ ಬಿಡಿಸುತ್ತಾರೆ. ಬಕೆಟ್ ನೀರಿಗೆ ಹಾಕಿದಾಗ ತೇಲಿದ್ದೇ ನಾಲ್ಕು ಕಿಲೋ. ಹೊರಗಿಂದ ನೋಡಿದರೆ ಅವೂ ಅಷ್ಟೇ ಕೆಂಪು. ಒಡೆದು ನೋಡಿದೆ, ಒಳಗೆ ಬೀಜ ಜೊಳ್ಳು. ಇಷ್ಟು ವರ್ಷ ಇವೂ ಚೀಲ ಸೇರುತ್ತಿದ್ದವು.

ಮೊದಲ ವಾರ ಗಂಟೆಗೊಮ್ಮೆ ಕೈಯಾಡಿಸಿದೆ. ಹಣ್ಣು ಮೊದಲು ಅಂಟಂಟು, ಕೈಗೆಲ್ಲ ಜೇನು ಹತ್ತಿದ ಹಾಗೆ. ನಾಲ್ಕನೇ ದಿನಕ್ಕೆ ಬಣ್ಣ ನೇರಳೆ. ಎಂಟನೇ ದಿನಕ್ಕೆ ಒಣದ್ರಾಕ್ಷಿಯಂತೆ ಸುಕ್ಕು. ಒಂಬತ್ತನೇ ದಿನ ಮೋಡ ಕಟ್ಟಿತು. ಒಂದೂವರೆ ದಿನ ಬಿಸಿಲೇ ಇಲ್ಲ. ರಾತ್ರಿ ಟಾರ್ಚ್ ಹಿಡಿದು ಹೋಗಿ ಟಾರ್ಪಾಲು ಎತ್ತಿ ಗಾಳಿ ಆಡಿಸಿ ಬಂದೆ. ಅಪ್ಪ ಕಣದ ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರೇ ಕೈಯಾಡಿಸುತ್ತಿದ್ದರು.

ನಿನ್ನೆಗೆ ಇಪ್ಪತ್ತು ದಿನ. ಇವತ್ತು ಅಪ್ಪ ಹತ್ತು ಹಣ್ಣು ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂತ ಸದ್ದು. 'ಆಯ್ತು, ತೆಗಿ' ಅಂದರು. ಒರಳಿಗೆ ಹಾಕಿ ಮೆತ್ತಗೆ ಕುಟ್ಟಿ, ಮೊರದಲ್ಲಿ ಕೇರಿ, ಒಡೆದ ಬೀಜ ಎಲ್ಲ ಆರಿಸಿದ ಮೇಲೆ ಕೈಗೆ ಬಂದದ್ದು ಆರೂವರೆ ಕಿಲೋ. ಒಂದು ಕಿಲೋ ನಾಳೆ ಬಸ್ಸಿನಲ್ಲಿ ಕಳಿಸುತ್ತೇನೆ.

ಧಾರವಾಡದ ಚಹಾ · ಡಿಸೆಂಬರ್ 21

ತಂಗಿ, ನಿನ್ನ ಬರಹ ಹೆಂಡತಿಗೆ ಜೋರಾಗಿ ಓದಿ ಹೇಳಿದೆ. 46 ಕಿಲೋ ಹಣ್ಣು, ಇಪ್ಪತ್ತು ದಿನ, ಆರೂವರೆ ಕಿಲೋ. ಆ 290 ರೂಪಾಯಿಯ ಬಗ್ಗೆ ನಾನು ಕೇಳಿದ್ದಕ್ಕೆ ಈಗ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ, ನಿಮ್ಮ ಕೈಗೆ ಎಷ್ಟು ಬರುತ್ತದೆ ಅನ್ನುವುದು, ಅದನ್ನು ಕೇಳುತ್ತಲೇ ಇರುತ್ತೇನೆ. ಮುಂದಿನ ಸಲ ಅಂಗಡಿಗೆ ಹೋದಾಗ ಅಲ್ಲಿಯವರನ್ನೂ ಕೇಳುತ್ತೇನೆ.

ಬಾರಿನ ಹಿಂದಿನವ · ಜನವರಿ 6

ಮೇಡಂ, ಬೀಜ ಬಂತು, ಹುರಿದೆವು, ನಿನ್ನೆ ಐದು ಬಟ್ಟಲಿನಲ್ಲಿ ಇಟ್ಟು ಮೂರು ಜನ ಕುಡಿದು ನೋಡಿದೆವು. ಇದ್ದದ್ದನ್ನು ಹೇಳುತ್ತೇನೆ ಅಂದಿದ್ದೆ.

ನಾಲ್ಕು ಬಟ್ಟಲು ತುಂಬಾ ಚೆನ್ನಾಗಿದ್ದವು. ಬೆಲ್ಲ, ಬಾಳೆಹಣ್ಣು, ತಣ್ಣಗಾದ ಮೇಲೆ ನೇರಳೆ ಹಣ್ಣಿನ ಒಗರು ಸ್ವಲ್ಪ. ಒಂದು ಬಟ್ಟಲಿನಲ್ಲಿ ಹೆಚ್ಚು ಹುದುಗಿದ ವಾಸನೆ ಇತ್ತು. ಬಹುಶಃ ಆ ಮೋಡದ ದಿನದ್ದು, ಮಂಚದ ಯಾವುದೋ ಮೂಲೆ ದಪ್ಪ ಇದ್ದಿರಬೇಕು. ಮೂವರ ಅಂಕದ ಸರಾಸರಿ 80ಕ್ಕೆ ಸ್ವಲ್ಪ ಕಡಿಮೆ, 79. ಆ ಒಂದು ಬಟ್ಟಲು ಇಲ್ಲದಿದ್ದರೆ 82ರ ಹತ್ತಿರ ಬರುತ್ತಿತ್ತು.

ಉಳಿದ ಬೀಜವನ್ನು ಹುರಿದು ನಾಲ್ಕು ಚಿಕ್ಕ ಪ್ಯಾಕೆಟ್ ಮಾಡಿ ಕೊರಿಯರ್ ಮಾಡಿದ್ದೇನೆ. ಒಂದು ನಿಮ್ಮ ಅಪ್ಪನಿಗೆ.

ಹೂಮಳೆ · ಜನವರಿ 10

ಪ್ಯಾಕೆಟ್ ಬಂತು. ಕಾಗದದ ಫಿಲ್ಟರ್ ಇರಲಿಲ್ಲ. ಅಮ್ಮನ ಹಿತ್ತಾಳೆ ಫಿಲ್ಟರಿನಲ್ಲೇ ಪುಡಿ ಕಡಿಮೆ ಹಾಕಿ, ನೀರು ಜಾಸ್ತಿ ಬಿಟ್ಟು ಇಳಿಸಿದೆ. ಹಾಲು ಹಾಕದೆ ಅಪ್ಪನಿಗೆ ಕೊಟ್ಟೆ. ಜಗಲಿಯಲ್ಲಿ ಕೂತು ಅರ್ಧ ಲೋಟ ಕುಡಿದರು. ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, 'ಇದು ಯಾವ ಕಡೆಯ ಗಿಡದ್ದು, ಕೆರೆ ಪಕ್ಕದ್ದಾ, ಮೇಲಿನ ಪಟ್ಟಿಯದ್ದಾ?'

ಎರಡೂ ಸೇರಿಸಿದ್ದೆ ಅಂದೆ.

'ಮುಂದಿನ ವರ್ಷ ಬೇರೆ ಬೇರೆ ಹಾಕು. ಬಲೆ ಇನ್ನೊಂದು ಸುರುಳಿ ತರಿಸು.'